ಉತ್ತರದಿಂದ ಬರುತ್ತಿದ್ದ ಮೇಣದ ಮುದ್ರೆ

ಅಮಿಯಾಂಟಸ್ ನನ್ನನ್ನೇ ನೋಡುತ್ತಾನೆ ಎಂದು ನಾನು ಒಂದಿಡೀ ಬೇಸಿಗೆ ನಂಬಿಕೊಂಡಿದ್ದೆ. ನಂಬದೆ ಇನ್ನೇನು ಮಾಡಲಿ? ಅವನ ಕಲ್ಲು ಕೆತ್ತುವ ಅಂಗಡಿ ನನ್ನ ಊಟದಂಗಡಿಗೆ ನೇರ ಎದುರು. ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ತಲೆಯೆತ್ತಿ, ಬೀದಿಯಾಚೆ ನಾನು ಸೌಟು ಹಿಡಿದು ನಿಂತ ಕಡೆಗೆ ಎವೆಯಿಕ್ಕದೆ ನೋಡುವನು. ಗಂಡ ಸತ್ತು ಎರಡು ವರ್ಷವಾಗಿತ್ತು. ಮೂವತ್ತು ದಾಟಿದ್ದರೂ ನನ್ನ ಹಲ್ಲೆಲ್ಲ ನೆಟ್ಟಗಿದ್ದವು. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ತಲೆ ಬಾಚಿಕೊಳ್ಳಲು ಶುರು ಮಾಡಿದೆ. ಗಿರಾಕಿಗಳು ನಕ್ಕರು. ನಗಲಿ ಎಂದು ಬಿಟ್ಟೆ. ಕೊನೆಗೆ ಒಂದು ದಿನ ತಡೆಯಲಾರದೆ ಬೀದಿ ದಾಟಿ ಹೋಗಿ ಕೇಳಿಯೇಬಿಟ್ಟೆ.

"ಏನಯ್ಯಾ, ದಿನಾ ಹಾಗೆ ನೋಡ್ತೀಯಲ್ಲ, ನನ್ನ ಮುಖದಲ್ಲಿ ಏನಾದ್ರೂ ಬರೆದಿದೆಯಾ?"

"ನಿಮ್ಮನ್ನಲ್ಲ ಟ್ರೋಸಿಯಾ," ಅಂದ, ಕೆಂಪಾದ ಕಣ್ಣು ಉಜ್ಜಿಕೊಳ್ಳುತ್ತಾ. "ನಿಮ್ಮ ಪಕ್ಕದಲ್ಲಿ ಪುದೀನದ ಕುಂಡ ಇದೆಯಲ್ಲ, ಅದನ್ನ. ಹಸಿರು ನೋಡಿದ್ರೆ ಕಣ್ಣಿಗೆ ತಂಪು. ನಮ್ಮ ಕಸುಬಿನೋರೆಲ್ಲ ಹಾಗೆ ಮಾಡ್ತಾರೆ."

ಅಂದು ದಿನವೆಲ್ಲ ಗಿರಾಕಿಗಳ ಮೇಲೆ ರೇಗಿದೆ. ಒಬ್ಬನ ಬೇಳೆಗೆ ಉಪ್ಪು ಎರಡು ಸಲ ಹಾಕಿ, ಬೇಡವಾದರೆ ಎದ್ದು ಹೋಗು ಎಂದೆ. ಸಂಜೆ ಆ ಕುಂಡವನ್ನು ಎತ್ತಿ ಒಳಗಿಟ್ಟುಬಿಡೋಣ ಎಂದು ಹೋದೆ. ಇಡಲಿಲ್ಲ. ಅದಕ್ಕೆ ನೀರು ಹಾಕಿ ಬಂದೆ. ನನ್ನ ಹಣೆಬರಹ ಏನೆಂದು ಅಂದೇ ತಿಳಿದುಕೊಳ್ಳಬೇಕಾಗಿತ್ತು.

ಅವನು ನಮ್ಮ ಅಕ್ವಿಲೇಯಾ ಊರಿನವನೇ. ಹುಟ್ಟಿದ್ದು ಗುಲಾಮನಾಗಿ, ನಟೀಸೋ ಹೊಳೆಯ ಬಂದರಿನ ಹತ್ತಿರದ ಒಂದು ದೊಡ್ಡ ಮನೆಯಲ್ಲಿ. ಹುಡುಗನ ಕೈ ನಡುಗುವುದಿಲ್ಲ ಎಂದು ಕಂಡ ಮುದಿ ಯಜಮಾನ ಅವನನ್ನು ಕಲ್ಲು ಕೆತ್ತುವವರ ಬಳಿ ಕಲಿಯಲು ಬಿಟ್ಟ. ಸಾಯುವ ಹೊತ್ತಿಗೆ ಆ ಮುದುಕನಿಗೆ ಒಳ್ಳೆಯ ಬುದ್ಧಿ ಬಂದು ಇವನನ್ನು ಬಿಡುಗಡೆಯೂ ಮಾಡಿದ. ಆಮೇಲೆಯೇ ಅವನು ನಮ್ಮ ಬೀದಿಗೆ ಬಂದದ್ದು. ಕೆಳಗೆ ಅಂಗಡಿ, ಮೇಲೆ ಮಲಗುವುದಕ್ಕೊಂದು ಗೂಡು. ಬಡಕಲು ಮೈ, ಎಣ್ಣೆಯೂ ಕಲ್ಲಿನ ಪುಡಿಯೂ ಮೆತ್ತಿಕೊಂಡ ಬೆರಳು. ಮಧ್ಯಾಹ್ನ ನನ್ನ ಕಟ್ಟೆಗೆ ಬಂದು ನಿಂತುಕೊಂಡೇ ಅಂಬಲಿ ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು ಹೋಗುತ್ತಿದ್ದ. ಕೂತುಕೋ ಅಂದರೆ, ಇಡೀ ದಿನ ಕೂತೇ ಇರ್ತೀನಲ್ಲ ಅನ್ನುವನು. ಅಷ್ಟು ಬಿಟ್ಟರೆ ಮಾತಿಲ್ಲ.

ಅವನ ಕೆಲಸ ನೋಡಲು ಮಾತ್ರ ಚೆಂದ. ಬಿಲ್ಲಿನಂಥ ಕೋಲಿನ ದಾರವನ್ನು ಕೊರೆಯುಳಿಗೆ ಸುತ್ತಿ, ಹಿಂದೆ ಮುಂದೆ ಎಳೆಯುತ್ತಾ, ಕಡಲೆಕಾಳಿನಷ್ಟು ಕಲ್ಲಿನೊಳಗೆ ದೇವರನ್ನೋ ಹಡಗನ್ನೋ ಇಳಿಸುತ್ತಿದ್ದ. ಎಲ್ಲವನ್ನೂ ತಿರುಗುಮುರುಗಾಗಿ ಕೆತ್ತಬೇಕು, ಯಾಕೆಂದರೆ ಮುದ್ರೆಯುಂಗುರದ ಕೆಲಸ ಇರುವುದು ಮೇಣದ ಮೇಲೆ. ಕಲ್ಲಿನಲ್ಲಿ ಎಡಕ್ಕಿದ್ದದ್ದು ಮೇಣದಲ್ಲಿ ಬಲಕ್ಕೆ ಬೀಳುತ್ತದೆ. ಕಲ್ಲಿನಲ್ಲಿ ದೇವಿ ಎಡಗೈಯಲ್ಲಿ ಹಾರ ಹಿಡಿದಿದ್ದರೆ ಮಾತ್ರ ಒತ್ತಿದಾಗ ಬಲಗೈಯಲ್ಲಿ ಹಿಡಿಯುತ್ತಾಳೆ. ಅವನಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಅಕ್ಷರವನ್ನೂ ಹಾಗೆಯೇ ಬರೆಯುತ್ತಿದ್ದ. ಒಮ್ಮೆ ನನ್ನ ಗೋಡೆಯ ಮೇಲೆ 'ಬಿಸಿ ವೈನ್ ಇದೆ' ಎಂದು ಬರೆದುಕೊಡು ಅಂದೆ. ಬರೆದುಕೊಟ್ಟ. ಓದುವುದಕ್ಕೆ ಗಿರಾಕಿಗಳು ಮನೆಯಿಂದ ಕನ್ನಡಿ ತರಬೇಕಾಯಿತು. ಸುಣ್ಣ ಬಳಿಸಿದೆ.

ನಮ್ಮಲ್ಲಿ ಮುದ್ರೆಯಿಲ್ಲದ ಮನುಷ್ಯನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವೈನಿನ ಜಾಡಿಗೂ ಮುದ್ರೆ, ಉಗ್ರಾಣದ ಬಾಗಿಲಿಗೂ ಮುದ್ರೆ. ಅದಕ್ಕೇ ಅವನ ಅಂಗಡಿಗೆ ಎಲ್ಲ ಥರದವರೂ ಬರುತ್ತಿದ್ದರು. ಹಡಗಿನವನಿಗೆ ಚುಕ್ಕಾಣಿ ಹಿಡಿದ ಅದೃಷ್ಟದೇವಿ ಬೇಕು, ವ್ಯಾಪಾರಿಗೆ ಹಣದ ಚೀಲ ಹಿಡಿದ ಮರ್ಕ್ಯುರಿ ದೇವರು, ಧಾನ್ಯದವನಿಗೆ ಇರುವೆ. ದೃಷ್ಟಿಗೆ ಹೆದರುವವರು ಕೋಳಿಯ ಕಾಲಿಗೆ ಮೂರು ಮುಖ ಅಂಟಿಸಿದ ವಿಕಾರವೊಂದನ್ನು ಕೆತ್ತಿಸಿಕೊಳ್ಳುತ್ತಿದ್ದರು. ಊರು ಬಿಟ್ಟು ಹೋಗುವ ಗಂಡಸರಿಗೆ ಅವರ ಹೆಂಗಸರು ಕಿವಿ ಹಿಂಡುವ ಕೈಯ ಚಿತ್ರ ಮಾಡಿಸಿ ಕೊಡುತ್ತಿದ್ದರು. ನೆನಪು ಇರುವುದು ಕಿವಿಯಲ್ಲೇ ತಾನೆ, ಮರೆತೀಯೆ ಜೋಕೆ ಎಂದು. ಹೆಂಡತಿಯ ದನಿ ಕೇಳಿದರೆ ಬೆವರುವ ನಮ್ಮ ಬೀದಿಯ ರೊಟ್ಟಿಯವನು ತನಗೆ ಸಿಂಹವೇ ಆಗಬೇಕು ಅಂದ. "ಬಾಯಿ ತೆರೆದ ಸಿಂಹವೋ, ಮುಚ್ಚಿದ್ದೋ?" ಎಂದು ಅಮಿಯಾಂಟಸ್ ಕೇಳಿದ. ರೊಟ್ಟಿಯವನು ಒಮ್ಮೆ ಮನೆಯ ಕಡೆ ತಿರುಗಿ ನೋಡಿ, "ಮುಚ್ಚಿದ್ದೇ ಇರಲಿ," ಅಂದ.

ನನಗೂ ಒಂದು ಉಂಗುರ ಮಾಡಿಕೊಟ್ಟ. ಏನು ಕೆತ್ತಲಿ ಎಂದು ಕೇಳಿದ. ನನ್ನನ್ನು ನೋಡಿದರೆ ನಿನಗೆ ಏನು ತೋಚುತ್ತದೋ ಅದನ್ನೇ ಕೆತ್ತು ಎಂದು ನಾಚಿಕೊಂಡು ಹೇಳಿದೆ. ವೀನಸ್ ದೇವಿ, ಹೋಗಲಿ ಒಂದು ಗುಲಾಬಿ, ಅಂಥದ್ದೇನೋ ಬಂದೀತು ಎಂದು ಕಾದರೆ ಗಿಳಿ ಕೆತ್ತಿಕೊಟ್ಟ.

"ಗಿಳಿ ಯಾಕೋ?" ಎಂದೆ.

"ಬೆಳಿಗ್ಗೆಯಿಂದ ಸಂಜೆವರೆಗೂ ನಿಮ್ಮ ದನಿ ಕೇಳ್ತಿರುತ್ತಲ್ಲ, ಅದಕ್ಕೆ."

ಮೂರು ದಿನ ಅವನಿಗೆ ತಣ್ಣನೆಯ ಅಂಬಲಿ ಹಾಕಿದೆ. ಅವನು ಅದನ್ನೂ ಗಮನಿಸಲಿಲ್ಲ.

ಅವನ ಎಡಗೈಯಲ್ಲಿ ಸದಾ ಒಂದು ಕಬ್ಬಿಣದ ಉಂಗುರವಿತ್ತು. ಅದರಲ್ಲಿ ಕೆಂಪು ಕಲ್ಲು, ಕಲ್ಲಿನಲ್ಲಿ ಒಂದನ್ನೊಂದು ಹಿಡಿದ ಎರಡು ಕೈ, ಮೇಣಕ್ಕೆ ಒತ್ತಿದರೆ ಎರಡೂ ಬಲಗೈ. ಅದು ಮದುವೆಯ ಗುರುತು ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಅವನ ಗೂಡಿನಲ್ಲಿ ಹೆಂಗಸಿರಲಿಲ್ಲ. ಕೆದಕಿ ಕೆದಕಿ ಕೇಳಿದ ಮೇಲೆ ಚೂರುಚೂರಾಗಿ ಹೇಳಿದ. ಅವಳ ಹೆಸರು ತಲ್ಲೂಸಾ. ಅದೇ ದೊಡ್ಡ ಮನೆಯಲ್ಲಿ ನೂಲುವ ದಾಸಿ. ಗುಲಾಮರು ಒಟ್ಟಿಗಿದ್ದರೆ ಕಾನೂನು ಅದನ್ನು ಮದುವೆ ಅನ್ನುವುದಿಲ್ಲ. ಅಂದರೇನಂತೆ, ಇವನು ಒಂದೇ ಕೆಂಪು ಕಲ್ಲನ್ನು ಸೀಳಿ, ಒಂದೇ ಚಿತ್ರ ಕೆತ್ತಿ, ಒಂದನ್ನು ಅವಳಿಗೆ ತೊಡಿಸಿ ಇನ್ನೊಂದನ್ನು ತಾನು ತೊಟ್ಟ. ಮುದುಕ ಸತ್ತಾಗ ಇವನಿಗೆ ಬಿಡುಗಡೆ ಸಿಕ್ಕಿತು, ತಲ್ಲೂಸಾ ಮಾತ್ರ ಮುದುಕನ ಮಗಳ ಪಾಲಿಗೆ ಹೋದಳು. ಆ ಮಗಳು ಸೈನ್ಯಕ್ಕೆ ಧಾನ್ಯ ಒದಗಿಸುವವನೊಬ್ಬನನ್ನು ಮದುವೆಯಾಗಿ, ಬೆಟ್ಟಗಳಾಚೆ ಡಾನ್ಯೂಬ್ ನದಿಯ ದಂಡೆಯ ಕಾರ್ನುಂಟಂ ಊರಿಗೆ ಹೊರಟಾಗ ತಲ್ಲೂಸಾಳನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಹೋದಳು.

"ನೀನೂ ಅಲ್ಲಿಗೇ ಹೋಗಬಾರದಾ?" ಎಂದೆ.

"ಹಳೆ ಯಜಮಾನರ ಮಗ ಬಿಡಲ್ಲ. ಬಿಡುಗಡೆ ಆದೋನು ಆ ಮನೆಗೆ ದುಡಿದುಕೊಡಬೇಕಾದ ದಿನ ಇನ್ನೂ ಇವೆ. ಊರು ಬಿಟ್ರೆ ಕೋರ್ಟಿಗೆ ಎಳೀತೀನಿ ಅಂದ."

"ಅವಳನ್ನ ಕೊಂಡುಕೊಳ್ತೀನಿ ಅಂತ ಹೇಳಿ ಕಳಿಸು."

"ಕಳಿಸಿದೆ. ಮಾರಲ್ವಂತೆ. ಒಡತಿ ಮಗುವಿಗೆ ಅವಳಿಲ್ಲದೆ ನಿದ್ದೆ ಬರಲ್ವಂತೆ. ಕೊನೇ ಮಗು ಹಾಲು ಬಿಟ್ಟ ಮೇಲೆ ಸುಮ್ಮನೇ ಬಿಡುಗಡೆ ಮಾಡ್ತೀನಿ ಅಂತ ಒಡತಿ ಮಾತು ಕೊಟ್ಟಿದಾಳೆ. ಬರ್ತಾಳೆ."

ಆ ಒಡತಿ ಕೊನೆಯ ಮಗು ಕೊನೆಯ ಮಗು ಎನ್ನುತ್ತಲೇ ಹೆರುತ್ತಾ ಹೋದಳು. ನಾನು ಅವಳನ್ನು ಕಂಡವಳಲ್ಲ. ಕಂಡಿದ್ದರೆ ಸೌಟಿನಲ್ಲೇ ಬಾರಿಸುತ್ತಿದ್ದೆ.

ತಲ್ಲೂಸಾಳಿಗೆ ಓದು ಬರಹ ಇಲ್ಲ. ಇವನ ಬರಹದ ಚೆಂದ ಹೇಳಿದೆನಲ್ಲ. ಹಾಗಾಗಿ ಅವರಿಬ್ಬರ ನಡುವೆ ಓಡಾಡುತ್ತಿದ್ದದ್ದು ಬರೀ ಮುದ್ರೆ. ಪ್ರತಿ ವಸಂತದಲ್ಲೂ ಬೆಟ್ಟದ ಹಿಮ ಕರಗಿದ ಮೇಲೆ, ಉತ್ತರದ ಅಂಬರ್ ಎಂಬ ಹೊಂಬಣ್ಣದ ಹರಳು ಹೇರಿಕೊಂಡು ಬಂಡಿಗಳು ನಮ್ಮೂರಿಗೆ ಇಳಿಯುತ್ತವೆ. ಆ ಬಂಡಿಗಳ ಜೊತೆ ಬ್ರಿಕ್ಕೋ ಎಂಬ ದಪ್ಪ ಮೀಸೆಯ ಗುಡ್ಡದ ನಾಡಿನವನೊಬ್ಬ ಬರುತ್ತಿದ್ದ. ಅವನ ಸೊಂಟದ ಚೀಲದಲ್ಲಿ ಬೆರಳುಗುರಿನಷ್ಟಗಲದ ಒಂದು ಕಂಚಿನ ಡಬ್ಬಿ. ಡಬ್ಬಿಯಲ್ಲಿ ಮೇಣ, ಮೇಣದಲ್ಲಿ ತಲ್ಲೂಸಾ ಒತ್ತಿದ ಉಂಗುರದ ಗುರುತು. ಅಷ್ಟೇ. ಬದುಕಿದ್ದೇನೆ, ಉಂಗುರ ಇನ್ನೂ ನನ್ನ ಬೆರಳಲ್ಲೇ ಇದೆ ಎಂದು ಅದರ ಅರ್ಥ. ಬ್ರಿಕ್ಕೋ ಹೊರಡುವಾಗ ಇವನೂ ತನ್ನ ಉಂಗುರ ಒತ್ತಿದ ಮೇಣವನ್ನು ಇನ್ನೊಂದು ಡಬ್ಬಿಯಲ್ಲಿ ಕೊಟ್ಟು ಕಳಿಸುತ್ತಿದ್ದ.

ಬ್ರಿಕ್ಕೋ ಬರುವ ದಿನ ಅಮಿಯಾಂಟಸ್ ಬೇರೆಯೇ ಮನುಷ್ಯ. ಗಡ್ಡ ಬೋಳಿಸಿ, ಒಗೆದ ಅಂಗಿ ತೊಟ್ಟು, ಬಂದರಿಗೆ ಹೋಗಿ ಮೀನು ತಂದು ನನ್ನ ಕೈಗೆ ಕೊಟ್ಟು, ಚೆನ್ನಾಗಿ ಬೇಯಿಸಿ ಅನ್ನುತ್ತಿದ್ದ. ಅಂದು ಮಾತ್ರ ನನ್ನ ಅಂಗಡಿಯ ಒಳಬೆಂಚಿನ ಮೇಲೆ ಕೂರುತ್ತಿದ್ದ. ಬ್ರಿಕ್ಕೋ ತಿನ್ನುತ್ತಾ ಕುಡಿಯುತ್ತಾ ಹೇಳುವನು, ಇವನು ತಿನ್ನುವುದನ್ನೇ ಮರೆತು ಕೇಳುವನು.

"ಕೆಮ್ಮು ಹೇಗಿದೆ ಅವಳಿಗೆ?"

"ಈ ಸಲ ಪರವಾಗಿಲ್ಲ. ಜೇನು ನೆಕ್ಕಿಸಿದ್ರಂತೆ."

"ಸಣ್ಣಗಾಗಿದಾಳಾ?"

"ಸಣ್ಣಗಾ? ಒಡತಿ ಅಡುಗೆಮನೆ ಕಡೆಗೆ ಹಾಕಿದಾಳೆ. ಕದ್ದು ತಿಂದು ಗುಂಡಗಾಗಿದಾಳೆ ಮಾರಾಯ. ಬಂಡಿ ಸಾಲಲ್ಲ ಕರ್ಕೊಂಡು ಬರೋಕೆ."

ಆಗ ಅವನು ನಗುತ್ತಿದ್ದ. ವರ್ಷಕ್ಕೊಮ್ಮೆ ಆ ನಗು. ನಾನು ವೈನಿಗೆ ಬಿಸಿನೀರು ಬೆರೆಸುತ್ತಾ ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ. ಹೊಟ್ಟೆಕಿಚ್ಚು ಪಡಲಿಲ್ಲ ಎಂದು ಹೇಳಿದರೆ ನಮ್ಮೂರ ಬೆಲೇನಸ್ ದೇವರು ಮೆಚ್ಚುವುದಿಲ್ಲ. ಬೇಕಾದಷ್ಟು ಪಟ್ಟೆ. ನನ್ನ ಕಣ್ಣೆದುರಿಗೆ ಒಬ್ಬ ಒಳ್ಳೆಯ ಗಂಡಸು, ನೂರಾರು ಹರದಾರಿ ಆಚೆಯ ಮೇಣದ ತುಣುಕಿಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಇಬ್ಬರು ನನ್ನನ್ನು ಕೇಳಿಕೊಂಡು ಬಂದರು, ಒಬ್ಬ ಹಗ್ಗದ ವ್ಯಾಪಾರಿ, ಒಬ್ಬ ದೋಣಿಯವನು. ಇಬ್ಬರನ್ನೂ ವಾಪಸು ಕಳಿಸಿದೆ. ಯಾಕೆ ಎಂದು ಕೇಳಬೇಡಿ, ನನಗೇ ನನ್ನ ಮೇಲೆ ಸಿಟ್ಟು ಬರುತ್ತದೆ.

ಒಂದು ಚಳಿಗಾಲದಲ್ಲಿ, ಡಿಸೆಂಬರಿನ ಹಬ್ಬದ ವಾರ, ಊರೆಲ್ಲ ಟೋಪಿ ಹಾಕಿಕೊಂಡು ಕುಣಿಯುತ್ತಿದ್ದಾಗ, ಅವನೊಬ್ಬನೇ ಅಂಗಡಿಯ ಬಾಗಿಲಲ್ಲಿ ಕೂತಿದ್ದ. ಒಂದು ಬಟ್ಟಲು ಸಾರು ತೆಗೆದುಕೊಂಡು ಹೋದೆ.

"ಅವಳು ಬರದೇ ಹೋದ್ರೆ ಏನು ಮಾಡ್ತೀಯ?" ಎಂದು ನೇರವಾಗಿಯೇ ಕೇಳಿದೆ.

"ಬರ್ತಾಳೆ," ಅಂದ.

"ಬರದೇ ಹೋದ್ರೆ ಅಂತ ನಾನು ಕೇಳಿದ್ದು."

"ಸಾರು ಚೆನ್ನಾಗಿದೆ," ಅಂದ. ಅಲ್ಲಿಗೆ ಮುಗಿಯಿತು.

ಹೀಗೇ ವರ್ಷಗಳು ಉರುಳಿದವು. ಅವನ ತಲೆ ನೆರೆಯಿತು, ನನ್ನ ಹಲ್ಲು ಎರಡು ಹೋದವು. ಒಂದು ವಸಂತದಲ್ಲಿ ಬ್ರಿಕ್ಕೋ ಎಂದಿನಂತೆ ಬಂದ, ಡಬ್ಬಿ ಕೊಟ್ಟ, ಸುದ್ದಿ ಹೇಳಿದ. ಮರುದಿನ ಬೆಳಿಗ್ಗೆ ಬಂಡಿ ಕಟ್ಟುವ ಮುಂಚೆ ಒಬ್ಬನೇ ನನ್ನ ಕಟ್ಟೆಗೆ ಬಂದು ಗಂಜಿ ಕೇಳಿದ. ಹಿಂದಿನ ದಿನವೆಲ್ಲ ನನ್ನೊಳಗೆ ಕುದಿಯುತ್ತಿತ್ತು. ಸಿಕ್ಕಿದೆಯಾ ಎಂದು ಹಿಡಿದುಕೊಂಡೆ.

"ಏನೋ ಬ್ರಿಕ್ಕೋ, ಆ ಒಡತಿ ಕೊನೇ ಮಗುವಿಗೆ ಇಷ್ಟು ಹೊತ್ತಿಗೆ ಮೀಸೆ ಬಂದಿರಬೇಕಲ್ಲೋ. ಇನ್ನೂ ಹಾಲು ಬಿಟ್ಟಿಲ್ವಾ ಅದು?"

ಅವನು ಗಂಜಿ ನೋಡುತ್ತಾ ಕೂತ.

"ಕೇಳಿಲ್ಲಿ. ನನ್ನ ಗಂಡನ ತಮ್ಮ ಅಲ್ಲಿ ಪಡೆಯಲ್ಲಿ ಇದಾನೆ. ಈ ಸಲ ನಾನೇ ನಿನ್ನ ಬಂಡೀಲಿ ಬರ್ತೀನಿ. ಆ ಒಡತಿ ಬಾಗಿಲಲ್ಲಿ ನಿಂತು, ಹತ್ತು ಜನ ಕೇಳೋ ಹಾಗೆ ಅವಳ ಮಾತನ್ನ ಅವಳಿಗೇ ನೆನಪಿಸ್ತೀನಿ. ಅಂಗಡಿ ಒಂದೆರಡು ತಿಂಗಳು ಮುಚ್ಚಿದ್ರೆ ಸತ್ತು ಹೋಗಲ್ಲ ನಾನು."

"ಬೇಡ ಅಕ್ಕಾ."

"ಯಾಕೆ ಬೇಡ?"

"ಬೇಡ ಅಂದ್ನಲ್ಲ." ಅಷ್ಟು ದೊಡ್ಡ ಮೀಸೆಯ ಗಂಡಸು ಅಂಗೈಯಿಂದ ಮುಖ ಒರೆಸಿಕೊಂಡ. "ಬಂದು ಯಾರನ್ನ ಬಿಡಿಸ್ಕೊಂಡು ಬರ್ತೀಯ? ಅವಳು ಹೋಗಿ ನಾಲ್ಕು ಚಳಿಗಾಲ ಆಯ್ತು. ಆ ಕೆಮ್ಮೇ."

ನನ್ನ ಕೈಯಲ್ಲಿದ್ದ ಸೌಟು ಜಾಡಿಯೊಳಗೆ ಬಿತ್ತು. ಅದನ್ನು ತೆಗೆಯಲೂ ತೋಚಲಿಲ್ಲ. ಅವನು ತಲೆಯೆತ್ತದೆ ಹೇಳುತ್ತಾ ಹೋದ. ಆ ವರ್ಷದ ಮೇಣವನ್ನು ಅವಳೇ ಒತ್ತಿ ಇಟ್ಟಿದ್ದಳಂತೆ, ಆಮೇಲೆ ಹಾಸಿಗೆ ಹಿಡಿದಳಂತೆ. ಚಿತೆಗೆ ಇಡುವಾಗ ಜೊತೆಯ ದಾಸಿಯರು ಉಂಗುರವನ್ನು ಅವಳ ಬೆರಳಲ್ಲೇ ಬಿಟ್ಟರಂತೆ, ಅವಳು ಹಾಗೆ ಕೇಳಿಕೊಂಡಿದ್ದಳು. ಬ್ರಿಕ್ಕೋ ಆ ಮೇಣ ತೆಗೆದುಕೊಂಡು ಬಂದ. ಬಂದರೆ ಇವನು ಗಡ್ಡ ಬೋಳಿಸಿಕೊಂಡು ಮೀನು ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ. ಬಾಯಿ ಬರಲಿಲ್ಲ. ಚೆನ್ನಾಗಿದ್ದಾಳೆ ಎಂದುಬಿಟ್ಟ. ಒಮ್ಮೆ ಹೇಳಿದ ಮೇಲೆ ಮುಂದಿನ ವರ್ಷ ಏನು ತರುವುದು? ಇವನ ಕೈಯಿಂದ ಆ ಮೇಣವನ್ನೇ, ನಿನ್ನ ಕೈ ಸೇರಿತೆಂದು ಅವಳಿಗೆ ತೋರಿಸುತ್ತೇನೆ ಎಂಬ ನೆಪ ಹೇಳಿ ಇಸಿದುಕೊಂಡು ಹೋಗಿ, ಪಡೆಯ ಬೀದಿಯಲ್ಲಿ ಕುದುರೆಯ ಕಡಿವಾಣದ ಬಕಲು ರಿಪೇರಿ ಮಾಡುವವನೊಬ್ಬನ ಮುಂದೆ ಇಟ್ಟು, ನೋಡು, ಇದೇ ಥರ ಒಂದು ಕಲ್ಲಿನ ಮೇಲೆ ಕೆತ್ತು ಎಂದು ಕೆತ್ತಿಸಿದ. ಅಲ್ಲಿಂದಾಚೆ ಪ್ರತಿವರ್ಷ ಅದನ್ನು ತಾನೇ ಒತ್ತಿ ತರುತ್ತಿದ್ದ.

"ಇವನು ಕೊಟ್ಟು ಕಳಿಸೋ ಮೇಣ ಏನು ಮಾಡ್ತೀಯ?"

"ಅವಳ ಬೂದಿ ಹೂತ ಜಾಗದಲ್ಲಿ ಇಟ್ಟು ಬರ್ತೀನಿ. ಬಿಸಾಕೋಕೆ ಕೈ ಬರಲ್ಲ ಅಕ್ಕಾ." ಬಟ್ಟಲು ಸರಿಸಿ ಎದ್ದ. "ನೀನೇ ಹೇಳು, ನಾನೇನು ಮಾಡಬೇಕಿತ್ತು?"

ಅವನ ಬಂಡಿ ಬೀದಿ ತಿರುಗುವವರೆಗೂ ನೋಡುತ್ತಾ ನಿಂತೆ.

ಆಮೇಲೆ ಒಂದು ವಾರ ನನಗೆ ಅನ್ನ ಸೇರಲಿಲ್ಲ. ಎದುರಿಗೆ ಅವನು ಅದೇ ಬಿಲ್ಲು ಎಳೆಯುತ್ತಾ, ಕಣ್ಣು ದಣಿದಾಗ ನನ್ನ ಪುದೀನದ ಕುಂಡ ನೋಡುತ್ತಾ ಕೂತಿದ್ದ. ಸತ್ತವಳಿಗಾಗಿ ಕಾಯುತ್ತಿದ್ದ. ಹೇಳಬೇಕು ಎಂದು ತೀರ್ಮಾನಿಸಿದೆ. ಅವನ ಒಳ್ಳೆಯದಕ್ಕೆ ಎಂದು ನಾನು ಬುರುಡೆ ಬಿಡುವುದಿಲ್ಲ. ನನ್ನ ಒಳ್ಳೆಯದಕ್ಕೂ ಹೌದು. ಕಾಯುವುದು ಮುಗಿದರೆ ಅವನ ಕಣ್ಣು ಕುಂಡ ಬಿಟ್ಟು ಪಕ್ಕಕ್ಕೆ ಹೊರಳಬಹುದು ಎಂಬ ಆಸೆ ನನಗಿತ್ತು. ಇಂದೂ ಅದೇ ಸಂದರ್ಭ ಬಂದರೆ ಹೋಗಿ ಹೇಳುತ್ತೇನೆ.

ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ಹೋದೆ.

"ಅಮಿಯಾಂಟಸ್, ಆ ಕೋಲು ಕೆಳಗಿಡು."

"ಈ ಡಾಲ್ಫಿನ್ನಿನ ಬಾಲ ಒಂದು ಮುಗಿಸ್ತೀನಿ."

"ತಲ್ಲೂಸಾ ಇಲ್ಲ. ಹೋಗಿ ನಾಲ್ಕು ವರ್ಷ ಆಯ್ತಂತೆ. ಬ್ರಿಕ್ಕೋ ಹೇಳಿದ."

ಬಿಲ್ಲು ನಿಂತಿತು. ಅವನು ಕಲ್ಲಿನ ಮೇಲಿನ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದ.

"ಗೊತ್ತು," ಅಂದ.

ನಾನು ಅಲ್ಲೇ ಇದ್ದ ಮೋಟು ಮಣೆಯ ಮೇಲೆ ಕೂತೆ. ಅವನು ಎದ್ದು ಹಲಗೆಯ ಮೇಲಿಂದ ಎರಡು ಕಂಚಿನ ಡಬ್ಬಿ ತಂದು ತೆರೆದು ನನ್ನ ಮುಂದಿಟ್ಟ.

"ಇದು ಅವಳು ಒತ್ತಿದ್ದು. ಇದು ಮೂರು ವರ್ಷದ ಹಿಂದೆ ಬಂದದ್ದು. ನೋಡಿ."

"ಎರಡೂ ಕೈ ಕೈ ಹಿಡಿದಿರೋದೇ. ನನಗೇನೂ ವ್ಯತ್ಯಾಸ ಕಾಣಲ್ಲ."

"ನಿಮ್ಮ ಬಲಗೈ ಕೊಡಿ."

ಕೊಟ್ಟೆ. ಅವನು ತನ್ನ ಬಲಗೈಯಿಂದ ಹಿಡಿದು, ಬಾಗಿಲ ಬೆಳಕಿಗೆ ಎತ್ತಿ, ನನ್ನ ಬೆರಳುಗಳು ಅವನ ಕೈಬೆನ್ನಿನ ಮೇಲೆ ಹೇಗೆ ಬರುತ್ತವೆ ಎಂದು ತೋರಿಸಿದ. ಮೊದಲ ಮೇಣ ಹಾಗೆಯೇ ಇತ್ತು. ಆಮೇಲೆ ಬಿಟ್ಟು, "ಈಗ ಎಡಗೈ," ಅಂದ. ಎಡಗೈ ಹಿಡಿದ. ಎಲ್ಲವೂ ಉಲ್ಟಾ ಆಯಿತು. ಎರಡನೆಯ ಮೇಣದಲ್ಲಿದ್ದದ್ದು ಅದು. ಎಡಗೈ ಎಡಗೈ ಹಿಡಿದು ಯಾರು ಮದುವೆಯಾಗುತ್ತಾರೆ, ಥೂ, ಕಳ್ಳರು ಕೂಡ ಆಗುವುದಿಲ್ಲ. ಅವನ ಬೆರಳು ಒರಟಾಗಿ, ಬೆಚ್ಚಗಿತ್ತು. ಅಷ್ಟು ವರ್ಷದಲ್ಲಿ ಅವನು ನನ್ನ ಕೈ ಹಿಡಿದದ್ದು ಅದೊಂದೇ ಸಲ, ಅದೂ ಇದಕ್ಕೆ.

"ಮೇಣ ನೋಡ್ಕೊಂಡು ಕಂಡ ಹಾಗೇ ಕಲ್ಲಿನ ಮೇಲೆ ಕೆತ್ತಿದಾನೆ ಯಾರೋ," ಅಂದ. "ತಿರುಗಿಸಿ ಕೆತ್ತಬೇಕು ಅಂತ ಪಾಪ ಅವನಿಗೆ ಗೊತ್ತಿಲ್ಲ. ಅವಳ ಬೆರಳಲ್ಲಿ ಉಂಗುರ ಇದ್ದಿದ್ರೆ ನಕಲು ಯಾಕೆ ಬೇಕಿತ್ತು?"

"ಕಳೆದುಹೋಗಿದೆ ಅಂತ ಅಂದ್ಕೋಬಹುದಿತ್ತಲ್ಲ."

"ಕಳೆದಿದ್ರೆ ಬ್ರಿಕ್ಕೋ ಹೇಳ್ತಿದ್ದ. ಆ ವರ್ಷ ಅವನು ನನ್ನ ಮುಖ ನೋಡ್ಲಿಲ್ಲ. ಮೀನನ್ನೇ ನೋಡ್ಕೊಂಡು ಮಾತಾಡಿದ."

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. "ಗೊತ್ತಿದ್ದೂ ಮೂರು ವರ್ಷ ಸುಮ್ಮನೆ ಕೂತೆಯಾ? ಗಡ್ಡ ಬೋಳಿಸ್ಕೊಂಡು? ಅವನ ಮುಂದೆ ನಕ್ಕೊಂಡು? ಒಂದು ಮಾತು, ಗೊತ್ತು ಕಣಯ್ಯಾ ಅಂತ ಹೇಳೋಕೆ ನಿನಗೇನಾಗಿತ್ತು?"

"ಹೇಳಿಬಿಟ್ರೆ ಅವನು ಮುಂದಿನ ವರ್ಷ ಬಂದು ಏನು ಮಾತಾಡ್ತಾನೆ?"

ಅವನು ಎರಡೂ ಡಬ್ಬಿಗಳನ್ನು ಮುಚ್ಚಿದ.

"ಅವನಾದ್ರೂ ಅವಳನ್ನ ಕಂಡಿದ್ದ. ಅವಳ ಕೆಮ್ಮು ಕೇಳಿದ್ದ. ಈ ಊರಲ್ಲಿ ಅವಳ ಹೆಸರು ಹೇಳೋರು ಇನ್ಯಾರಿದಾರೆ ಟ್ರೋಸಿಯಾ? ವರ್ಷಕ್ಕೊಂದು ದಿನ ಯಾರೋ ಒಬ್ಬ ಎದುರಿಗೆ ಕೂತು, ತಲ್ಲೂಸಾ ಹೀಗಂದ್ಲು, ತಲ್ಲೂಸಾ ಹಾಗಂದ್ಲು ಅಂತಾನೆ. ಸುಳ್ಳು ಅಂತ ಗೊತ್ತಿದ್ರೂ ಕಿವಿಗೆ ಹಿತವಾಗಿರುತ್ತೆ. ಅದನ್ನೂ ಕಳ್ಕೊಂಡ್ರೆ ನನಗೇನಿದೆ?"

"ನಾನಿದೀನಲ್ಲ," ಎಂದೆ. ಅಷ್ಟು ವರ್ಷ ಕಟ್ಟಿಹಾಕಿದ್ದ ಮಾತು ಹಾಗೆ ಜಾರಿ ಬಿತ್ತು.

ಅವನು ನನ್ನನ್ನು ನೋಡಿದ. ಆ ಸಲ ನಿಜವಾಗಿಯೂ ನನ್ನನ್ನೇ.

"ನೀವು ಅವಳನ್ನ ನೋಡಿಲ್ಲವಲ್ಲ," ಅಂದ, ಮನ್ನಿಸಿ ಎಂದು ಕೇಳುವ ದನಿಯಲ್ಲಿ. ಡಬ್ಬಿಗಳನ್ನು ಮತ್ತೆ ಹಲಗೆಯ ಮೇಲಿಟ್ಟು, "ನನಗೆ ಗೊತ್ತು ಅಂತ ಬ್ರಿಕ್ಕೋಗೆ ಹೇಳಬೇಡಿ. ನೊಂದ್ಕೊಳ್ತಾನೆ," ಅಂದ.

ಬೀದಿ ದಾಟಿ ಬಂದು ಪಾತ್ರೆ ತಿಕ್ಕಿದೆ. ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ. ಕಣ್ಣೀರೂ ಸುರಿಸಿದೆ. ಆಗ ಅಳುವುದಕ್ಕೆ ಹೊಗೆಯ ನೆಪ ಇತ್ತು.

ಅಂದಿನಿಂದ ವಸಂತದ ಊಟ ಮೂರು ಜನರ ಕಪಟವಾಯಿತು. ಬ್ರಿಕ್ಕೋ ಸುಳ್ಳು ಹೇಳುತ್ತಿದ್ದ, ಅಮಿಯಾಂಟಸ್ ನಂಬಿದವನಂತೆ ಕೇಳುತ್ತಿದ್ದ, ನಾನು ಏನೂ ಅರಿಯದವಳಂತೆ ಬಡಿಸುತ್ತಿದ್ದೆ. ನಾನು ಬಾಯಿ ಬಿಡಲಿಲ್ಲ ಎಂದು ಬ್ರಿಕ್ಕೋ ನನಗೆ ಕಣ್ಣಲ್ಲೇ ಕೃತಜ್ಞತೆ ಹೇಳುವನು. ವರ್ಷ ಕಳೆದಂತೆ ಅವನಿಗೆ ಕಥೆ ಕಟ್ಟುವುದು ಕರಗತವಾಯಿತು. ತಲ್ಲೂಸಾ ಒಂದು ಹೆಬ್ಬಾತಿನ ಜೊತೆ ಜಗಳವಾಡಿದಳು, ತಲ್ಲೂಸಾಳ ಕೂದಲು ಕಿವಿಯ ಮೇಲೆ ಬಿಳಿಯಾಯಿತು. ಸತ್ತವಳು ನಮ್ಮ ಜೊತೆಗೇ ಮುದುಕಿಯಾಗುತ್ತಾ ಬಂದಳು. ಒಂದೊಂದು ಸಲ ಹೆಬ್ಬಾತಿಗೆ ಕೊನೆಗೆ ಏನಾಯಿತು ಎಂದು ನಾನೇ ಕೇಳಿ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಹೋದ ವರ್ಷ ಬಂಡಿಗಳು ಬಂದವು, ಬ್ರಿಕ್ಕೋ ಬರಲಿಲ್ಲ. ಬೆಟ್ಟ ಹತ್ತುವಾಗ ಎದೆ ಹಿಡಿದುಕೊಂಡು ದಾರಿಬದಿಯಲ್ಲಿ ಕೂತವನು ಮತ್ತೆ ಏಳಲಿಲ್ಲ ಎಂದು ಬಂಡಿಯವನೊಬ್ಬ ಹೇಳಿದ. ಅಮಿಯಾಂಟಸ್ ಮೀನು ತಂದಾಗಿತ್ತು. ನಾನೇ ಹೋಗಿ ಹೇಳಿದೆ. ಇಂಥ ಸುದ್ದಿಯೆಲ್ಲ ಅವನಿಗೆ ನಾನೇ ಹೇಳಬೇಕು ಎಂದು ಯಾವ ದೇವರು ಬರೆದಿದ್ದಾನೋ ಕಾಣೆ. ಅವನು ತಲೆಯಾಡಿಸಿ, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಹೋದ. ಇನ್ನು ಇವನು ಬರುವುದಿಲ್ಲ ಎಂದುಕೊಂಡು, ಮೀನನ್ನು ಮಾತ್ರ ಕೆಡಿಸಬಾರದು ಎಂದು ಬೇಯಿಸಿದೆ.

ಮಧ್ಯಾಹ್ನ ಬಂದ. ಬೋಳಿಸಿದ ಗಡ್ಡ, ಒಗೆದ ಅಂಗಿ. ಸೀದಾ ಒಳಬೆಂಚಿಗೆ ಹೋಗಿ, ತಾನು ಕೂರುವ ಜಾಗ ಬಿಟ್ಟು, ಬ್ರಿಕ್ಕೋ ಕೂರುತ್ತಿದ್ದ ಕಡೆ ಕೂತ. ಎದುರಿನ ಜಾಗ ಖಾಲಿ. ನಾನು ಮೀನು ತಂದಿಟ್ಟೆ. ಅವನು ಮೇಜಿನ ಅಂಚು ಹಿಡಿದುಕೊಂಡಿದ್ದ.

"ತಲ್ಲೂಸಾ ಚೆನ್ನಾಗಿದಾಳಂತೆ," ಅಂದ, ಮೀನನ್ನೇ ನೋಡುತ್ತಾ.

ಸಾಕು ನಿಲ್ಲಿಸು, ನಾವಿಬ್ಬರೂ ಮುದಿಯಾದೆವು ಕಣೋ ಎಂದು ಕಿರುಚಬೇಕೆನಿಸಿತು. ಕಟ್ಟೆಯ ಹತ್ತಿರ ಇಬ್ಬರು ಗಿರಾಕಿಗಳು ಬಟ್ಟಲು ಬಡಿಯುತ್ತಿದ್ದರು. ಬಡಿದುಕೊಳ್ಳಲಿ ಎಂದು ಬಿಟ್ಟೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಎದುರಿನ ಜಾಗದಲ್ಲಿ ಕೂತೆ.

"ಈ ವರ್ಷ ಚಳಿ ಹೆಚ್ಚಿತ್ತಂತಾ ಅಲ್ಲಿ?" ಎಂದೆ.

"ತುಂಬಾ," ಅಂದ. "ನದಿ ಪೂರ್ತಿ ಹೆಪ್ಪುಗಟ್ಟಿತ್ತಂತೆ. ನೀರು ತರೋಕೆ ಹೋದೋಳು ಮಂಜುಗಡ್ಡೆ ಮೇಲೆ ಜಾರಿ ಬಿದ್ದು, ಯಾರೂ ನೋಡಲಿಲ್ಲ ತಾನೆ ಅಂತ ಸುತ್ತ ನೋಡಿ, ಒಬ್ಬಳೇ ನಕ್ಕಳಂತೆ."

"ಆಮೇಲೆ?"

ಅವನು ಹೇಳುತ್ತಾ ಹೋದ. ಗಿರಾಕಿಗಳು ಬೈದುಕೊಂಡು ಎದ್ದು ಹೋದರು, ಒಲೆ ಆರಿತು, ಮೀನು ತಣ್ಣಗಾಯಿತು. ಅವನು ಬಂದು ನನ್ನೆದುರು ಅಂಗಡಿ ತೆರೆದ ದಿನದಿಂದ ಈವರೆಗೆ ಅವನು ನನ್ನೊಡನೆ ಅಷ್ಟು ಹೊತ್ತು ಕೂತು ಮಾತಾಡಿದ್ದು ಅದೇ ಮೊದಲು.